ಅಮ್ಮನ ಸಂಧಿವಾತಕ್ಕೆ ಚೀನೀ ಸೂಜಿ, ತ್ವೀನಾ (ಮಸಾಜ್), ಕಷಾಯ: ಮಾಡಿಸಿದವರು ದಯವಿಟ್ಟು ಹೇಳಿ

ತುಮಕೂರು ಹುಡುಗಿ, ಸಿಂಗಪುರ:
ಅಮ್ಮನಿಗೆ 61. ರುಮಟಾಯ್ಡ್ ಆರ್ಥ್ರೈಟಿಸ್ (ಆರ್‌ಎ) ಶುರುವಾಗಿ 9 ವರ್ಷ. ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ 15 ಮಿ.ಗ್ರಾಂ, ಫೋಲಿಕ್ ಆಸಿಡ್, ದಿನಾ ಪ್ರೆಡ್ನಿಸೊಲೋನ್ ಸ್ಟೆರಾಯ್ಡ್ 5 ಮಿ.ಗ್ರಾಂ. ಬೆಳಿಗ್ಗೆ ಒಂದು ಗಂಟೆ ಬೆರಳು ಮಡಚೋಕೇ ಆಗಲ್ಲ. ಮೂರು ತಿಂಗಳು ನಮ್ಮ ಜೊತೆ ಇರ್ತಾರೆ. ಮನೆ ಕೆಳಗೇ ಟಿಸಿಎಂ (ಸಾಂಪ್ರದಾಯಿಕ ಚೀನೀ ವೈದ್ಯ) ಕ್ಲಿನಿಕ್ ಇದೆ. ಸೂಜಿಯಾ, ಮಸಾಜಾ, ಔಷಧಿಯಾ?

ಸೂಜಿಮಲ್ಲಿಗೆ:
ಸೂಜಿ. 12 ಸಿಟ್ಟಿಂಗ್, ಒಂದಕ್ಕೆ 65 ಡಾಲರ್, ಒಟ್ಟು 780. ಮೋಕ್ಸಾ (ಒಣ ಮೂಲಿಕೆ ಉರಿಸಿ ಕೊಡೋ) ಕಾವಿಗೆ ಪ್ರತಿ ಸಲ 20 ಬೇರೆ. ಮೊದಲ ಮೂರು ವಾರ ವಾರಕ್ಕೆರಡು, ಆಮೇಲೆ ಒಂದೊಂದು. 0.25 ಮಿ.ಮೀ. ದಪ್ಪದ ಸೂಜಿ, 25 ನಿಮಿಷ ಬಿಡ್ತಾರೆ. ಮಣಿಕಟ್ಟಿಗೆ ವೈಗ್ವಾನ್ ಅನ್ನೋ ಬಿಂದು: ಕೈಯ ಹಿಂಬದಿ, ಮಣಿಕಟ್ಟಿನ ಗೆರೆಯಿಂದ ಎರಡು ಹೆಬ್ಬೆರಳಗಲ ಮೇಲೆ, ಎರಡು ಎಲುಬಿನ ನಡುವೆ. ಜೊತೆಗೆ ಹೆಗು: ಹೆಬ್ಬೆರಳು, ತೋರುಬೆರಳಿನ ನಡುವಿನ ಬಿಂದು. ಕಾಲಲ್ಲಿ ಝೂಸಾನ್ಲಿ: ಮಂಡಿಚಿಪ್ಪಿನ ಕೆಳಗಿನ ಹೊರಗುಳಿಯಿಂದ ನಾಲ್ಕು ಬೆರಳು ಕೆಳಗೆ, ಕಣಕಾಲಿನ ಮುಂದಿನ ಎಲುಬಿನ ಅಂಚಿನಿಂದ ಒಂದು ಬೆರಳು ಆಚೆ. ಸೂಜಿ ಇಳಿದಾಗ ಭಾರ ಭಾರ, ಜೋಮು ಹಿಡಿದ ಹಾಗೆ ಆಗಬೇಕು. ಕರೆಂಟ್ ಹೊಡೆದ ಹಾಗೆ ಚುರುಕ್ಕಂದರೆ ನರಕ್ಕೆ ತಾಗಿದೆ, ತಕ್ಷಣ ಹೇಳಿ. ಊದಿ ಬಿಸಿಯಾಗಿರೋ ಗೆಣ್ಣಿಗೆ ಚುಚ್ಚೋಕೆ ಬಿಡಬೇಡಿ. ಖಾಲಿ ಹೊಟ್ಟೇಲಿ ಹೋದರೆ ತಲೆ ಸುತ್ತುತ್ತೆ. ಮೂರು ಸಿಟ್ಟಿಂಗ್‌ವರೆಗೆ ಏನೂ ಗುಣ ಗೊತ್ತಾಗಲಿಲ್ಲ, ಎರಡನೆಯದಾದ ಮೇಲೆ ಒಂದು ದಿನ ನೋವು ಜಾಸ್ತೀನೇ ಆಯ್ತು. 12 ಮುಗಿದಾಗ ಬೆಳಗಿನ ಬಿಗಿತ 50 ನಿಮಿಷದಿಂದ 20ಕ್ಕೆ ಇಳಿದಿತ್ತು.

ಎಎಲ್‌ಟಿ 168:
ಔಷಧಿ ಮುಟ್ಟಬೇಡಿ. 8 ವಾರಕ್ಕೆ 1,140 ಡಾಲರ್ ಪುಡಿಗೆ ಸುರಿದದ್ದಾಯಿತು, ಎಎಲ್‌ಟಿ (ಯಕೃತ್ತಿಗೆ ಪೆಟ್ಟು ಬಿದ್ದರೆ ರಕ್ತದಲ್ಲಿ ಏರುವ ಅಂಶ) 31 ಇದ್ದದ್ದು 168. ಮೆಥೋಟ್ರೆಕ್ಸೇಟ್ ನಿಲ್ಲಿಸಬೇಕಾಯಿತು. ನಿಲ್ಲಿಸಿದ ಐದನೇ ವಾರಕ್ಕೆ ಎರಡೂ ಮಂಡಿ ಊದಿದವು. ಮತ್ತೆ ಸ್ಟೆರಾಯ್ಡ್ ಏರಿಸಿ, ಹದಿನೈದು ದಿನಕ್ಕೊಮ್ಮೆ ರಕ್ತಪರೀಕ್ಷೆ, ಅದರ ಬಿಲ್ ಪ್ರತ್ಯೇಕ. ಆ ಪುಡಿಯಲ್ಲಿ ಲೇ ಗೊಂಗ್ ತೆಂಗ್ ಇತ್ತು. ಸಂಧಿವಾತಕ್ಕೆ ಕೆಲಸ ಮಾಡುವ ಬೇರು ಅದು, ಸುಳ್ಳಲ್ಲ. ಆದರೆ ಯಕೃತ್ತು, ಮೂತ್ರಪಿಂಡ, ಮೂಳೆಮಜ್ಜೆ ಮೂರಕ್ಕೂ ವಿಷ. ಮೆಥೋಟ್ರೆಕ್ಸೇಟ್ ಜೊತೆಗೆ ಕೊಡುವುದೆಂದರೆ ಒಂದೇ ಯಕೃತ್ತಿನ ಮೇಲೆ ಎರಡು ಹೊರೆ. ಚೀನೀ ಔಷಧಿಗಳಲ್ಲಿ ಹಾಕುವ ಗಾನ್‌ಚಾವ್ ಬೇರು ಅಂದರೆ ನಮ್ಮ ಅತಿಮಧುರದ ಜಾತಿಯದೇ. ಪ್ರೆಡ್ನಿಸೊಲೋನ್ ಜೊತೆ ದಿನಾ ಹೋದರೆ ಪೊಟ್ಯಾಸಿಯಂ ಇಳಿಯುತ್ತದೆ, ಬಿಪಿ ಏರುತ್ತದೆ. ಪೊಟ್ಟಣದ ಮೇಲೆ ಪ್ರತಿ ಮೂಲಿಕೆಯ ಚೀನೀ ಹೆಸರು, ಲ್ಯಾಟಿನ್ ಹೆಸರು, ಗ್ರಾಂ ಬರೆಸಿಕೊಳ್ಳಿ. 'ಫಾಂಗ್ ಜಿ' ಎಂದಷ್ಟೇ ಇದ್ದರೆ ವಾಪಸ್ ಕೊಡಿ, ಆ ಹೆಸರಿನಲ್ಲಿ ಬೇರೆ ಬೇರೆ ಗಿಡದ ಬೇರುಗಳಿವೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ಹಾನ್ ಫಾಂಗ್ ಜಿ ಬದಲು ಗ್ವಾಂಗ್ ಫಾಂಗ್ ಜಿ ಸೇರಿ, ತೂಕ ಇಳಿಸಲು ಹೋದ ಹೆಂಗಸರ ಕಿಡ್ನಿ ಹೋದವು. ಗ್ವಾಂಗ್ ಫಾಂಗ್ ಜಿಯಲ್ಲಿದ್ದದ್ದು ಕಿಡ್ನಿಗೆ ವಿಷವಾದ ಅರಿಸ್ಟೊಲೋಕಿಕ್ ಆಮ್ಲ.

ಹುಬ್ಬಳ್ಳಿ ಕಷಾಯ:
ಅಲ್ರೀ, ಒಂದ್ ಬೇರು ಕೈ ಕೊಟ್ಟರ ಇಡೀ ವೈದ್ಯಾನ ಬೈತೀರೇನು? ಕುದಸೂ ಪದ್ಧತಿ ಗೊತ್ತಿಲ್ಲದ ಪುಡಿ ತಗೊಂಡಿದ್ದು ನಿಮ್ಮ ತಪ್ಪು. ಮಣ್ಣಿನ ಗಡಗಿ ಬೇಕು, ಕಬ್ಬಿಣ, ಅಲ್ಯುಮಿನಿಯಂ ಬ್ಯಾಡ. ಅರ್ಧ ತಾಸು ತಣ್ಣೀರಾಗ ನೆನಸ್ರಿ, ನೀರು ಮೂಲಿಕೆ ಮ್ಯಾಲೆ ಎರಡು ಬೆರಳು ನಿಲ್ಲಬೇಕು. ಕುದಿ ಬಂದ ಮ್ಯಾಲೆ ಸಣ್ಣ ಉರಿಯಾಗ 25 ನಿಮಿಷ, ಸೋಸಿ ಇಟ್ಟು ಅದಕ್ಕ ಮತ್ತ ನೀರು ಹಾಕಿ 20 ನಿಮಿಷ. ಎರಡೂ ಕೂಡಿಸಿ ಮುಂಜಾನೆ ಅರ್ಧ, ಸಂಜಿಗೆ ಅರ್ಧ. ಫೂಜಿ ಅನ್ನೂ ಬೇರು ಇದ್ದರ ಅದನ್ನ ಮೊದಲ ಒಂದ ತಾಸು ಬ್ಯಾರೆ ಕುದಸಬೇಕು. ಅದು ನಮ್ಮ ವತ್ಸನಾಭದ ಕುಲ. ಕಡಿಮಿ ಕುದ್ದರ ತುಟಿ ಜುಮ್ಮಂತಾವು, ಎದಿ ಬಡಿತ ತಪ್ಪತೈತಿ.

ಎಎಲ್‌ಟಿ 168:
ತಪ್ಪು ನನ್ನದಾ? ಫೂಜಿಯಲ್ಲಿನ ವಿಷ ಅಕೋನಿಟಿನ್ ಕುದಿಗೆ ಒಡೆಯುತ್ತದೆ, ಒಪ್ಪಿದೆ. ಆ ಲೆಕ್ಕವನ್ನೇ ಲೇ ಗೊಂಗ್ ತೆಂಗ್‌ಗೂ ಹಚ್ಚಿ ಇನ್ನೊಬ್ಬರ ತಾಯಿಗೆ ಗಡಗಿ ಇಡಿಸಬೇಡಿ ಸರ್.

ಕುತ್ತಿಗೆ ಜೋಪಾನ:
ಇಬ್ಬರೂ ಮುಖ್ಯವಾದದ್ದನ್ನೇ ಬಿಟ್ಟಿರಿ. ತ್ವೀನಾದಲ್ಲಿ ಕುತ್ತಿಗೆ ತಿರುಗಿಸಿ 'ಲಟಕ್' ಅನ್ನಿಸುವ ಪಟ್ಟು ಆರ್‌ಎ ಇರುವವರಿಗೆ ಕೂಡದೇ ಕೂಡದು. ಕಾಯಿಲೆ ಹಳೆಯದಾದಂತೆ ಕುತ್ತಿಗೆಯ ಮೊದಲೆರಡು ಕಶೇರುಗಳ ನಡುವಿನ ಕಟ್ಟು ಸಡಿಲವಾಗಿರಬಹುದು, ಒಂದು ಜಗ್ಗಿಗೆ ಬೆನ್ನುಹುರಿ ಒತ್ತಿಹೋಗುತ್ತದೆ. 9 ವರ್ಷ ಆಗಿದೆ, ಕುತ್ತಿಗೆ ಬಗ್ಗಿಸಿ ಒಂದು, ಹಿಂದಕ್ಕೆ ಚಾಚಿ ಒಂದು ಎಕ್ಸ್‌ರೇ ತೆಗೆಸಿ ಡಾಕ್ಟರಿಗೆ ತೋರಿಸಿ. ಕೈಯ ಮಗ್ಗುಲು ಉರುಳಿಸುವ ಗುನ್‌ಫಾ ಮುಂಗೈ, ಭುಜಕ್ಕೆ ಸಾಕು, ಒಂದು ಕಡೆ 5 ನಿಮಿಷ. ಊದಿದ ಗೆಣ್ಣಿನ ಮೇಲೆ ಬೇಡ.

ಲೆಕ್ಕಪತ್ರ:
ಸೂಜಿಮಲ್ಲಿಗೆ ಅವರ ಬಿಂದುಗಳ ಪಟ್ಟಿಗೆ ಅರ್ಥವಿಲ್ಲ. ಜರ್ಮನಿಯಲ್ಲಿ 1,162 ಬೆನ್ನುನೋವಿನವರ ಪ್ರಯೋಗ, 2007ರಲ್ಲಿ ಪ್ರಕಟವಾಯಿತು. ಸರಿಯಾದ ಬಿಂದುವಿಗೆ ಚುಚ್ಚಿದಾಗ ಶೇ. 48 ಮಂದಿಗೆ ಸುಧಾರಣೆ, ಬಿಂದುವಲ್ಲದ ಕಡೆ ಮೇಲೆ ಮೇಲೆ ಚುಚ್ಚಿದಾಗ ಶೇ. 44. 780 ಡಾಲರ್ ಯಾವ 'ಝೂಸಾನ್ಲಿ'ಗೆ ಕೊಟ್ಟಿರಿ?

ಸೂಜಿಮಲ್ಲಿಗೆ:
ಅರ್ಧ ಲೆಕ್ಕ ಹೇಳಬೇಡಿ. ಅದೇ ಪ್ರಯೋಗದಲ್ಲಿ ಮಾತ್ರೆ, ವ್ಯಾಯಾಮದವರಿಗೆ ಶೇ. 27. ಬೆನ್ನುನೋವಿನ ಅಂಕಿ ತಂದು ಆರ್‌ಎ ಮೇಲೆ ಹೇರುವುದೂ ಸರಿಯಲ್ಲ.

ಹುಬ್ಬಳ್ಳಿ ಕಷಾಯ:
ಜರ್ಮನ್ನರು ಬಿಡ್ರಿ. ಅಲ್ಯುಮಿನಿಯಂ ಪಾತ್ರಿ ಬಗ್ಗೆ ಯಾರೂ ಯಾಕ ಮಾತಾಡವಲ್ಲರಿ?

ತುಮಕೂರು ಹುಡುಗಿ:
ಹೇಳೋಕೆ ಮರೆತಿದ್ದೆ, ಆಸ್ಪಿರಿನ್ 75 ಮಿ.ಗ್ರಾಂ ಕೂಡ ಇದೆ. ಕ್ಲಿನಿಕ್‌ನವರು ಮೊದಲ ದಿನವೇ ಬೆನ್ನಿಗೆ ಚರ್ಮ ಹೀರಿ ಎಳೆಯೋ ಕಪ್ ಹಾಕ್ತೀವಿ ಅಂದಿದ್ದಾರೆ.

ಕುತ್ತಿಗೆ ಜೋಪಾನ:
ಕಪ್ ಬೇಡ, ಗ್ವಾ ಶಾ ಕೆರೆತವೂ ಬೇಡ. ವರ್ಷಗಟ್ಟಲೆ ಪ್ರೆಡ್ನಿಸೊಲೋನ್ ತಿಂದ ಚರ್ಮ ತೆಳ್ಳಗಿರುತ್ತದೆ, ಆಸ್ಪಿರಿನ್ ಸೇರಿದರೆ ಕಪ್ ಕೂರಿಸಿದ ಕಡೆ ರಕ್ತ ಹೆಪ್ಪುಗಟ್ಟಿ ಬೊಬ್ಬೆ ಏಳಬಹುದು. ಸೂಜಿ ಸರಿ, ತೆಗೆದ ಮೇಲೆ ಪ್ರತಿ ತೂತಿಗೆ ಹತ್ತಿ ಒತ್ತಿ ಎರಡು ನಿಮಿಷ ಹಿಡಿಯಲಿ. ಆಸ್ಪಿರಿನ್ ಇರೋದನ್ನು ಸೂಜಿ ಚುಚ್ಚುವ ಮೊದಲೇ ಹೇಳಿ.