ಸಹಾಯ ಬೇಕು: ಕಡಲ ನೀರು ಸೇರಿಸಿದ ಕೂಡಲೇ ಗೆಲ್ಲನ್ (ಬ್ಯಾಕ್ಟೀರಿಯಾ ಬೆಳೆಸುವ ಮಾಧ್ಯಮವನ್ನು ಗಟ್ಟಿಯಾಗಿಸುವ ಪುಡಿ) ಗಂಟು ಕಟ್ಟುತ್ತಿದೆ

ಶಿವಮೊಗ್ಗದ ಕಾಲೇಜು ಲ್ಯಾಬ್‌ನಲ್ಲಿ ಹೊನ್ನಾವರದ ಕಡಲ ಬ್ಯಾಕ್ಟೀರಿಯಾಗಳ ಅಮೈಲೇಸ್ (ಪಿಷ್ಟ ಕತ್ತರಿಸುವ ಕಿಣ್ವ) ಪರೀಕ್ಷೆ ನಡೀತಿದೆ. ಸುಮಾರು 600 ಡಾಲ್ಟನ್‌ಗಿಂತ ದೊಡ್ಡ ಅಣು ಕೋಶದೊಳಗೆ ನೇರ ಹೋಗಲ್ಲ, ಹಾಗಾಗಿ ಇವು ಕಿಣ್ವವನ್ನು ಹೊರಗೆ ಬಿಟ್ಟು ಪಿಷ್ಟ ಕತ್ತರಿಸುತ್ತವೆ. ಆದರೆ ಕೆಲವು ಕಾಲೊನಿಗಳು ಪ್ಲೇಟಿನ ಮಾಧ್ಯಮ ಗಟ್ಟಿಯಾಗಿಸಲು ಹಾಕುವ ಅಗರನ್ನೇ ತಿಂದು ಗುಳಿ ಬೀಳಿಸುತ್ತಿವೆ (ಅಗರೂ ಕಡಲ ಪಾಚಿಯದೇ ತಾನೆ!). ಅಯೋಡಿನ್ ಹಾಕಿದರೆ ಪಿಷ್ಟ ಕರಗಿದ ತಿಳಿ ವಲಯ ಯಾವುದು, ಗುಳಿ ಯಾವುದು ಗೊತ್ತಾಗಲ್ಲ.

ಅದಕ್ಕೇ 1.5% ಅಗರ್ ಬದಲು 0.8% ಗೆಲ್ಲನ್ ಬಳಸಿದೆವು. ಬಟ್ಟಿ ಇಳಿಸಿದ ನೀರಲ್ಲಿ ಕರಗಿಸಿ, ಬೇರೆಯಾಗಿ ಆಟೋಕ್ಲೇವ್ ಮಾಡಿದ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಂದ) ಬಿಸಿ ಕಡಲ ನೀರು ಬೆರೆಸಿದರೂ, ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂನಿಂದಾಗಿ ಪ್ಲೇಟಿಗೆ ಸುರಿಯುವ ಮೊದಲೇ ಗಂಟು. ಕಡಲ ನೀರು ಕಡಿಮೆ ಮಾಡಿ, ಉಳಿದದ್ದನ್ನು ಸೋಡಿಯಂ ಕ್ಲೋರೈಡ್‌ನಿಂದ ಸರಿದೂಗಿಸುವ ಯೋಚನೆಯಿದೆ. ಮಾಡಿದವರಿದ್ದರೆ ಪ್ರಮಾಣ, ಬೆರೆಸುವಾಗಿನ ಉಷ್ಣತೆ ತಿಳಿಸಿ. ಮಳೆಗಾಲದ ತೇವಕ್ಕೆ ಪ್ಲೇಟ್ ಒಣಗಿಸುವ ಉಪಾಯವೂ ಇದ್ದರೆ ಹೇಳಿ.