ಜಿಪ್ಸಿ ವಾಟರ್ ಪಂಪ್: ಟೈಮಿಂಗ್ ಬೆಲ್ಟ್ ಬಿಚ್ಚಲೇಬೇಕಾ?

ತೋಟದ ಜಿಪ್ಸಿ:
ಮಾರುತಿ ಜಿಪ್ಸಿ ಕಿಂಗ್, 1.3 ಲೀಟರ್ 16 ವಾಲ್ವ್ ಪೆಟ್ರೋಲ್. ಸಂಪಾಜೆ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಮುಕ್ಕಾಲು ದಾಟುತ್ತೆ. ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ಅಂಗೈ ಅಗಲ ಒದ್ದೆ. ವಾಟರ್ ಪಂಪೇ ಅಂತ ಖಾತ್ರಿ ಮಾಡ್ಕೊಳ್ಳೋದು ಹೇಗೆ? ರೇಡಿಯೇಟರಿಗೆ ಅರಿಶಿನ ಪುಡಿ ಹಾಕಿದ್ರೆ ಸೋರೋದು ನಿಲ್ಲುತ್ತೆ ಅಂತಾರೆ, ನಿಜವಾ?

ಹತ್ತನೇ ನಂಬರ್ ಸ್ಪಾನರ್:
ಅರಿಶಿನ ಸಾರಿಗಿರಲಿ. ರೇಡಿಯೇಟರಿನ ಸೂಜಿ ತೂತು ಒಂದೆರಡು ದಿನ ಮುಚ್ಚಬಹುದು, ಪಂಪಿನ ಸೀಲ್ ಸವೆದಿದ್ದರೆ ಏನೂ ಆಗಲ್ಲ. ಆಮೇಲೆ ಅದೇ ಪುಡಿ ಹೀಟರಿನ ಸಣ್ಣ ಕೊಳವೆಗಳಲ್ಲಿ ಕೂರುತ್ತೆ.

ಇಂಜಿನ್ ಪೂರ್ತಿ ತಣ್ಣಗಿರುವಾಗ ಫ್ಯಾನ್ ರೆಕ್ಕೆ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಶಾಫ್ಟ್ ಅಲುಗಿದರೆ ಬೇರಿಂಗ್ ಹೋಗಿದೆ. ಪುಲ್ಲಿಯ ಹಿಂದೆ, ಪಂಪಿನ ಕೆಳಭಾಗದಲ್ಲಿ ವೀಪ್ ಹೋಲ್ ಅಂತ ಸಣ್ಣ ತೂತಿದೆ, ಟಾರ್ಚ್ ಬಿಟ್ಟು ನೋಡಿ. ಅಲ್ಲಿಂದ ಕೂಲೆಂಟಿನ ಬಣ್ಣದ ಒಣಗಿದ ಗೆರೆ ಇಳಿದಿದ್ದರೆ ಒಳಗಿನ ಸೀಲ್ ಮುಗಿದಿದೆ ಅಂತ ಅರ್ಥ. ಆ ತೂತನ್ನ ಎಂಸೀಲ್ ಹಾಕಿ ಮುಚ್ಚೋರೂ ಇದ್ದಾರೆ. ಹಾಗೆ ಮಾಡಿದ್ರೆ ನೀರು ನೇರ ಬೇರಿಂಗಿಗೆ ಹೋಗುತ್ತೆ.

ಗುಡ್ಡದ ಗರಾಜ್:
ಈ ಇಂಜಿನ್ನಲ್ಲಿ ಪಂಪ್ ತೆಗೆಯೋಕೆ ಟೈಮಿಂಗ್ ಬೆಲ್ಟ್ (ಕ್ರ್ಯಾಂಕ್, ಕ್ಯಾಮ್ ಎರಡನ್ನೂ ಜೋಡಿಸೋ ಹಲ್ಲಿನ ಬೆಲ್ಟ್) ಬಿಚ್ಚಲೇಬೇಕು. ಹಾಗಾಗಿ ಪಂಪ್, ಬೆಲ್ಟ್, ಅದನ್ನ ಬಿಗಿ ಇಡೋ ಟೆನ್ಷನರ್ ಮೂರನ್ನೂ ಒಟ್ಟಿಗೇ ತನ್ನಿ.

ಬ್ಯಾಟರಿ ನೆಗೆಟಿವ್ ತೆಗೆದು ಕೂಲೆಂಟ್ ಬಸಿಯಿರಿ. ಫ್ಯಾನ್, ಅದರ ಸುತ್ತಲಿನ ಶ್ರೌಡ್, ಫ್ಯಾನ್ ಬೆಲ್ಟು, ಪಂಪ್ ಪುಲ್ಲಿ ಬಿಚ್ಚಿ. ಕ್ರ್ಯಾಂಕ್ ಪುಲ್ಲಿಗೆ ಸುತ್ತಲಿನ ಸಣ್ಣ ಬೋಲ್ಟ್‌ಗಳು ಸಾಕು, ನಡುವಿನ ದೊಡ್ಡದನ್ನ ಮುಟ್ಟಬೇಡಿ. ಟೈಮಿಂಗ್ ಬೆಲ್ಟಿನ ಕವರ್ ತೆಗೆದ ಮೇಲೆ ಕ್ಯಾಮ್, ಕ್ರ್ಯಾಂಕ್ ಎರಡರ ಗುರುತೂ ಕೂರಿಸಿ, ಫೋಟೋ ತೆಗೆದು, ಆಮೇಲೆ ಬೆಲ್ಟ್ ಬಿಡಿಸಿ.

ಹಳೇ ಗ್ಯಾಸ್ಕೆಟ್ಟನ್ನ ಸ್ಕ್ರೂಡ್ರೈವರಿನಿಂದ ಕೆರೆದರೆ ಅಲ್ಯೂಮಿನಿಯಂ ಮೇಲೆ ಗೀರು ಬಿದ್ದು ಅಲ್ಲೇ ಸೋರುತ್ತೆ. ಪ್ಲಾಸ್ಟಿಕ್ ಪಟ್ಟಿ ಬಳಸಿ. ಬೋಲ್ಟ್‌ಗಳನ್ನ ಎದುರುಬದುರಾಗಿ 10ರಿಂದ 13 ನ್ಯೂಟನ್ ಮೀಟರಿಗೆ ಬಿಗಿ ಮಾಡಿ, ಅದಕ್ಕಿಂತ ಜಾಸ್ತಿ ಎಳೆದರೆ ಬ್ಲಾಕಿನ ಥ್ರೆಡ್ ಕಿತ್ತು ಬರುತ್ತೆ. ಪಂಪಿಗೂ ಆಯಿಲ್ ಪಂಪಿಗೂ ನಡುವೆ ಒಂದು, ಪಂಪಿಗೂ ಹೆಡ್ಡಿಗೂ ನಡುವೆ ಒಂದು ರಬ್ಬರ್ ಸೀಲ್ ಇವೆ. ಚಿಕ್ಕ ತುಂಡುಗಳಾದ್ದರಿಂದ ಹಳೇ ಗ್ಯಾಸ್ಕೆಟ್ ಜೊತೆ ಕಸಕ್ಕೆ ಹೋಗಿಬಿಡುತ್ತವೆ. ಅವಿಲ್ಲದಿದ್ದರೆ ಬೆಲ್ಟ್ ಮೇಲೆ ಕೆಸರು, ಧೂಳು.

ಬೆಲ್ಟ್ ಹಾಕಿ, ಕ್ರ್ಯಾಂಕನ್ನ ಕೈಯಲ್ಲೇ ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ನೋಡಿ. ಒಂದು ಹಲ್ಲು ತಪ್ಪಿದ್ದರೂ ಬಿಚ್ಚಿ ಹಾಕಿ.

ತೋಟದ ಜಿಪ್ಸಿ:
ಇಷ್ಟು ದಿನ ತೊರೆ ನೀರೇ ತುಂಬಿಸ್ತಿದ್ದದ್ದು. ಅದರಿಂದಲೇ ಹೋಯ್ತಾ ಅಣ್ಣ?

ಗುಡ್ಡದ ಗರಾಜ್:
ಬಹುಶಃ. ಬರೀ ನೀರಲ್ಲಿ ತುಕ್ಕು ತಡೆಯೋ ಅಂಶ ಇಲ್ಲ, ತುಕ್ಕಿನ ಪುಡಿ ಸೀಲಿನ ಮುಖ ಉಜ್ಜುತ್ತೆ. ಕಳಚಿದ ಪಂಪಿನೊಳಗೆ ನೀರು ತಳ್ಳೋ ಇಂಪೆಲ್ಲರ್ ನೋಡಿ, ರೆಕ್ಕೆ ತಿಂದು ಹೋಗಿರಬಹುದು. ಜೊತೆಗೆ ಮಡಿಕೇರಿ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತೆ. ರೇಡಿಯೇಟರ್ ಕ್ಯಾಪಿನ ರಬ್ಬರ್ ಸಡಿಲ ಇದ್ದು ಒಳಗೆ ಒತ್ತಡ ನಿಲ್ಲದಿದ್ದರೆ ಘಾಟಿಯಲ್ಲಿ ಕುದಿಯದೆ ಇರುತ್ತಾ? ಹೊಸ ಕ್ಯಾಪನ್ನೂ ತನ್ನಿ.

ಹತ್ತನೇ ನಂಬರ್ ಸ್ಪಾನರ್:
ತುಂಬೋದಕ್ಕೆ ಮೂರು ಲೀಟರ್ ಕೂಲೆಂಟ್ ಕಾನ್ಸೆಂಟ್ರೇಟ್, ಮೂರು ಲೀಟರ್ ಡಿಸ್ಟಿಲ್ಡ್ ವಾಟರ್ ಸಾಕಾಗಿ ಮಿಗುತ್ತೆ. ಗಾಡಿ ಮೂತಿ ಏರಿನ ಕಡೆ ಇರಲಿ, ಅಂಥ ಜಾಗಕ್ಕೆ ನಮ್ಮೂರಲ್ಲಿ ಬರ ಇಲ್ಲ. ಹೀಟರ್ ಇದ್ದರೆ ಫುಲ್ ಬಿಸಿಗೆ ಇಟ್ಟು, ಕ್ಯಾಪ್ ತೆಗೆದೇ ಸ್ಟಾರ್ಟ್ ಮಾಡಿ. ಮೇಲಿನ ಹೋಸ್ ಬಿಸಿಯಾಗಿ ಗುಳ್ಳೆ ನಿಲ್ಲುವ ತನಕ ತುಂಬ್ತಾ ಇರಿ. ಗುಳ್ಳೆ ನಿಲ್ಲದೇ ಬರ್ತಾನೇ ಇದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನಿಸಿ. ಫ್ಯಾನ್ ಬೆಲ್ಟನ್ನ ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಿದರೆ 6ರಿಂದ 9 ಮಿಲಿಮೀಟರ್ ಬಗ್ಗಬೇಕು. ತಂತಿ ಥರ ಬಿಗಿದರೆ ಹೊಸ ಬೇರಿಂಗೂ ಹಾಳು.

ಬಸಿದ ಹಳೇ ಕೂಲೆಂಟ್ ಅಂಗಳದಲ್ಲಿ ಬಿಡಬೇಡಿ. ಸಿಹಿ ಇರುತ್ತೆ, ನಾಯಿ ನೆಕ್ಕಿದರೆ ಸಾಯುತ್ತೆ.