ವೆಂಡೆಲ್ ರಾಡ್ರಿಕ್ಸ್ ಬಟ್ಟೆಯಲ್ಲಿ ಅಂಥದ್ದೇನಿತ್ತು?

ಕಾರವಾರದ ಹುಡುಗಿ:
ನಾನು ಫ್ಯಾಷನ್ ಡಿಸೈನ್ ಓದುತ್ತಿದ್ದೇನೆ. ಮೆಚ್ಚಿನ ಡಿಸೈನರ್ ಬಗ್ಗೆ ಕ್ಲಾಸಿನಲ್ಲಿ ಮಾತಾಡಬೇಕು. ಉಳಿದವರೆಲ್ಲ ಝಗಮಗ ಲೆಹೆಂಗಾ ಮಾಡುವವರನ್ನೇ ಹಿಡಿದಿದ್ದಾರೆ. ನನಗೆ ಗೋವಾದ ವೆಂಡೆಲ್ ಬಿಟ್ಟು ಬೇರೆ ಯಾರೂ ತೋಚುತ್ತಿಲ್ಲ. 2020ರ ಫೆಬ್ರವರಿ 12ಕ್ಕೆ ಹೋಗಿಬಿಟ್ಟರು, ಬರೀ 59 ವರ್ಷ. ಅವರ ಬಟ್ಟೆಗಳ ಫೋಟೋ ತೋರಿಸಿದರೆ ಗೆಳತಿಯರು 'ಬಿಳಿ ಬಟ್ಟೆ, ಅಷ್ಟೇ ತಾನೇ?' ಅಂತಾರೆ. ಏನು ಹೇಳಲಿ?

ಸೂಜಿದಾರ:
ಅಷ್ಟೇ ತಾನೇ ಅನ್ನುವವರ ಕೈಗೆ ಕತ್ತರಿ ಕೊಡಿ! ನಾನು ಟೈಲರ್, ಕಸೂತಿ ಇದ್ದರೆ ಹೊಲಿಗೆಯ ತಪ್ಪು ಅರ್ಧ ಮುಚ್ಚಿಹೋಗುತ್ತೆ. ಸಾದಾ ಬಿಳಿ ಬಟ್ಟೆಯಲ್ಲಿ ಒಂದು ಸುಕ್ಕು ಬಿದ್ದರೂ ಎದ್ದು ಕಾಣುತ್ತೆ. ಅದರಲ್ಲೂ ವೆಂಡೆಲ್ ಬಳಸುತ್ತಿದ್ದ ಬಯಾಸ್ ಕಟ್ ಅಂದರೆ ಬಟ್ಟೆಯನ್ನು ಮೂಲೆಯಿಂದ ಓರೆಯಾಗಿ ಕತ್ತರಿಸಬೇಕು, ಅದು ತನ್ನ ಭಾರಕ್ಕೇ ಜಗ್ಗುತ್ತೆ, ಹಾಗಾಗಿ ಒಂದು ರಾತ್ರಿ ನೇತುಹಾಕಿ, ಜಗ್ಗುವಷ್ಟು ಜಗ್ಗಿದ ಮೇಲೇ ಕೆಳಗಿನ ಅಂಚು ಮಡಚಬೇಕು, ಇಲ್ಲದಿದ್ದರೆ ಒಂದು ಕಡೆ ಉದ್ದ ಒಂದು ಕಡೆ ಗಿಡ್ಡ. ಅವರ ಬಟ್ಟೆ ಮೈಮೇಲೆ ಹಾಗೆ ಇಳಿಬೀಳೋದು ಸುಮ್ನೆ ಅಲ್ಲ. ಮತ್ತೆ ನಮ್ಮ ಕರಾವಳಿ ಸೆಕೆಗೆ ಲಿನನ್, ಹತ್ತಿ ಬಿಟ್ಟು ಇನ್ನೇನು ಹಾಕ್ತೀರಿ?

ಜೋಯಿಡಾ ಕಡೆಯವ:
ನನಗೆ ಅವರು ದೊಡ್ಡವರಾಗಿ ಕಾಣೋದು ಕುಣಬಿ ಸೀರೆಯಿಂದ. ಗೋವಾದ ಕುಣಬಿ ಬುಡಕಟ್ಟಿನ ಹೆಂಗಸರು ಉಡುತ್ತಿದ್ದ ಕೆಂಪು-ಬಿಳಿ ಚೌಕುಳಿಯ ಹತ್ತಿ ಸೀರೆ. ಗದ್ದೆ ಕೆಲಸಕ್ಕೆ ಅಡ್ಡಿಯಾಗಬಾರದು ಅಂತ ಮೇಲೆತ್ತಿ ಉಟ್ಟು, ಹೆಗಲ ಮೇಲೆ ಗಂಟು ಹಾಕುತ್ತಿದ್ದರು. ಕುಣಬಿಗಳು ನಮ್ಮ ಜೋಯಿಡಾದಲ್ಲೂ ಇದ್ದಾರೆ, ಆದರೆ ಕೂಲಿಯವರ ಸೀರೆ ಅಂತ ಅದನ್ನು ತಿರುಗಿ ನೋಡಿದವರು ಎಷ್ಟು ಜನ? ಗೋವಾದಲ್ಲಿ ಅದರ ನೇಯ್ಗೆ ನಿಂತೇಹೋಗುವಂತಿತ್ತು. ಈ ಮನುಷ್ಯ ನೇಕಾರರನ್ನು ಹಿಡಿದು ಮತ್ತೆ ನೇಯಿಸಿ, ಉದ್ದ ಜಾಸ್ತಿ ಮಾಡಿ, ಫ್ಯಾಷನ್ ರ‍್ಯಾಂಪ್ ಹತ್ತಿಸಿದರು. 'ಮೋಡಾ ಗೋವಾ' ಅಂತ ಗೋವಾದ ಉಡುಪಿನ ಇತಿಹಾಸವನ್ನೇ ಬರೆದರು. 2014ರಲ್ಲಿ ಪದ್ಮಶ್ರೀ ಬಂತು.

ಮಗ್ಗದ ಮನೆ:
ಒಪ್ಪಿದೆ, ಆದರೆ ಒಂದು ಮಾತು. ಈಗ ಅದೇ ಚೌಕುಳಿ ಪವರ್‌ಲೂಮಿನಲ್ಲಿ ಹೊಡೆದು 'ಕುಣಬಿ' ಅಂತ ಮಾರುವವರಿದ್ದಾರೆ. ರ‍್ಯಾಂಪ್ ಹತ್ತಿದ ಸೀರೆಯ ದುಡ್ಡು ಗದ್ದೆಯ ಹೆಂಗಸಿಗೆ ಬಂತಾ? ಅದು ವೆಂಡೆಲ್ ತಪ್ಪು ಅಂತ ನಾನು ಹೇಳುತ್ತಿಲ್ಲ. ಕ್ಲಾಸಿನಲ್ಲಿ ಬರೀ ಹೊಗಳಿ ಬರಬೇಡ, ಈ ಪ್ರಶ್ನೆಯನ್ನೂ ಎತ್ತು ತಂಗಿ.

ಕಾರವಾರದ ಹುಡುಗಿ:
ಖಂಡಿತ ಎತ್ತುತ್ತೇನೆ. ನನಗೆ ತುಂಬಾ ಹಿಡಿಸಿದ್ದು ಇನ್ನೊಂದಿದೆ. 2016ರಲ್ಲಿ, ಹೆಸರು ಇನ್ನೂ ಮೇಲಿರುವಾಗಲೇ, ಬ್ರ್ಯಾಂಡನ್ನು ಡಿಸೈನರ್ ಶೂಲೆನ್ ಫರ್ನಾಂಡಿಸ್ ಕೈಗೆ ಕೊಟ್ಟು, ಗೋವಾದ ಉಡುಪುಗಳ ಮ್ಯೂಸಿಯಂ ಕೆಲಸಕ್ಕೆ ಇಳಿದರು. ಅದೂ ಗೋವಾದ ಕೊಲ್ವಾಳ ಊರಿನ ತಮ್ಮ ಹಳೇ ಮನೆಯಲ್ಲೇ! ನಮ್ಮಲ್ಲಿ ಯಾರು ಹಾಗೆ ಕುರ್ಚಿ ಬಿಡ್ತಾರೆ ಹೇಳಿ?

ಸೂಜಿದಾರ:
ಕೊಲ್ವಾಳ ಮಾಪುಸಾ ದಾಟಿದ ಮೇಲೆ, ಹೈವೇಯಲ್ಲೇ ಸಿಗುತ್ತೆ. ಮ್ಯೂಸಿಯಂ ತೆರೆದಿರುತ್ತಾ ಅಂತ ಮೊದಲೇ ವಿಚಾರಿಸಿಕೊಂಡು ಹೋಗು. ಹೋದರೆ ಹೊಲಿಗೆಗಳ ಫೋಟೋ ಹಾಕು, ಬಟ್ಟೆಯ ಒಳಗಡೆಯಿಂದ.